ಬಾಲವನದ ಒಳಮನೆ

ಶಿವರಾಮ ಕಾರಂತರು ಬರೆದ ಪುಸ್ತಕಗಳ ಲೆಕ್ಕ ಇಟ್ಟವರಿದ್ದಾರೆ. ಆ ಪುಸ್ತಕಗಳ ಹಿಂದೆ ನಿಂತು ಮನೆ ನಡೆಸಿದ, ಮಕ್ಕಳನ್ನು ಬೆಳೆಸಿದ, ಹೊಸದಾಗಿ ಕನ್ನಡ ಕಲಿತು ತಾನೂ ಒಂದು ಕಾದಂಬರಿಯನ್ನು ಅನುವಾದಿಸಿದ ಲೀಲಾ ಅವರನ್ನು ನೆನೆಯುವವರು ಕಡಿಮೆ. 1936ರ ಮೇ 6ರಂದು ಕೈಹಿಡಿದ ಈ ಜೋಡಿಯ ಮದುವೆಗೆ 2026ರಲ್ಲಿ 90 ತುಂಬುತ್ತದೆ.

ಮೇ ತಿಂಗಳ ಮಧ್ಯಾಹ್ನ, ಪುತ್ತೂರಿನ ಪರ್ಲಡ್ಕ. ಮೋಡ ಕಟ್ಟಿದೆ, ಮಳೆ ಬಿದ್ದಿಲ್ಲ. ಮೈಗೆ ಅಂಟಿಕೊಳ್ಳುವ ಸೆಕೆ. ಕಾರಂತರು ಬದುಕಿದ ಬಾಲವನದ ಗೇಟು ದಾಟಿ ಮರಗಳ ಕೆಳಗೆ ಬಂದ ಮೇಲಷ್ಟೇ ಉಸಿರು ಹಗುರಾಯಿತು. ಎಲ್ಲೋ ಹಲಸಿನ ಹಣ್ಣು ಬಿದ್ದು ಒಡೆದಿರಬೇಕು, ಸುತ್ತೆಲ್ಲ ಅದರದೇ ವಾಸನೆ.

ಹಂಚಿನ ಮಾಡಿನ ಹಳೆಯ ಮನೆಯ ಮುಂದೆ ರಜೆಯ ಮಕ್ಕಳಿಬ್ಬರು ಓಡಾಡುತ್ತಿದ್ದರು. ಅವರ ತಾಯಿ ಒಳಗೆಲ್ಲ ಒಂದು ಸುತ್ತು ಹಾಕಿ ಬಂದು, ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನನ್ನನ್ನು ಕೇಳಿದರು: "ಇಷ್ಟೆಲ್ಲ ಬರೆದಿದ್ದಾರಲ್ಲ ಮಾರಾಯ್ರೆ, ಆಗ ಮನೆ ನೋಡಿಕೊಂಡದ್ದು ಯಾರು?"

ನಾನು ಬಾಲವನಕ್ಕೆ ಬಂದದ್ದು ಅದೇ ಮೊದಲಲ್ಲ. ಹೈಸ್ಕೂಲಿನಲ್ಲಿದ್ದಾಗ ಬಂದಿದ್ದೆ, ಆಮೇಲೂ ಬಂದಿದ್ದೆ. ಪ್ರತಿ ಸಲ ಹುಡುಕಿದ್ದು ಕಾರಂತರು ಕೂತ ಜಾಗ, ಬರೆದ ಜಾಗ, ಕುಣಿದ ಜಾಗ. ಅಡುಗೆಮನೆ ಎಲ್ಲಿತ್ತು ಎಂದು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಮನೆ ನೋಡಿಕೊಂಡದ್ದು ಲೀಲಾ. ಆಕೆಯ ಬಗ್ಗೆ ನನಗೆ ಗೊತ್ತಿದ್ದಷ್ಟನ್ನು ಆ ಮೆಟ್ಟಿಲ ಮೇಲೇ ಕೂತು ಹೇಳಿದೆ. ಅದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಕುಣಿತ ಕಲಿಸಲು ಬಂದವರು

1936ರ ಹೊತ್ತಿಗೆ ಕಾರಂತರಿಗೆ 33 ವರ್ಷ. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಅವರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟಿದ್ದರು. ಖಾದಿ ಹೊತ್ತು ತಿರುಗಿದ್ದರು, ‘ವಸಂತ’ ಪತ್ರಿಕೆ ನಡೆಸಿದ್ದರು, ನಾಟಕ ಕಟ್ಟಿದ್ದರು, ಮೂಕಿ ಸಿನಿಮಾಕ್ಕೂ ಕೈ ಹಾಕಿದ್ದರು. ‘ಚೋಮನ ದುಡಿ’ ಬಂದು ಮೂರು ವರ್ಷವಾಗಿತ್ತು.

ಅಲೆದಾಡುತ್ತಿದ್ದ ಈ ಮನುಷ್ಯ ಒಂದು ಕಡೆ ನೆಲೆ ನಿಂತದ್ದು ಪುತ್ತೂರಿನಲ್ಲಿ. ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಆಸರೆ ಇತ್ತು. ದಸರಾ ಹೊತ್ತಿಗೆ ಊರಿನಲ್ಲಿ ನಾಡಹಬ್ಬ ನಡೆಯುತ್ತಿತ್ತು, ದೂರದೂರದ ಸಾಹಿತಿಗಳು ಬಂದಿಳಿಯುತ್ತಿದ್ದರು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಒಂದು ತಾಲ್ಲೂಕು ಪಟ್ಟಣ ವರ್ಷಕ್ಕೊಮ್ಮೆ ಕನ್ನಡದ ಚಾವಡಿಯಾಗುತ್ತಿತ್ತು.

ಕಾರಂತರು ಶಾಲೆಯೊಂದಕ್ಕೆ ಕುಣಿತ ಕಲಿಸಲು, ಮಕ್ಕಳಿಂದ ನಾಟಕ ಆಡಿಸಲು ಹೋಗುತ್ತಿದ್ದರು. ಅಲ್ಲಿ ಕಲಿಯುತ್ತಿದ್ದವರು ಲೀಲಾ ಆಳ್ವ, ಉದ್ಯಮಿ ಕೆ. ಡಿ. ಆಳ್ವರ ಮಗಳು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ರಂಗದ ಮೇಲೆ ಹೆಜ್ಜೆ ಹಾಕಿದರೆ ಊರು ಹುಬ್ಬೇರಿಸುತ್ತಿದ್ದ ದಿನಗಳವು. ಲೀಲಾ ಕುಣಿದರು. ಕಾರಂತರ ಗೀತನಾಟಕಗಳಲ್ಲಿ ಪಾತ್ರ ಮಾಡಿದರು. ಅಂದರೆ ಈ ಸಂಸಾರ ಶುರುವಾಗುವ ಮೊದಲೇ ಇಬ್ಬರದೂ ಒಂದು ಕಲೆಯ ಒಡನಾಟ. ಕಾರಂತರ ಹೆಂಡತಿ ಎಂದಷ್ಟೇ ಆಕೆಯನ್ನು ಗುರುತಿಸುವವರು ಇದನ್ನು ಮರೆಯಬಾರದು.

ಎರಡು ಲೆಕ್ಕಗಳ ನಡುವೆ

ಕಾರಂತರು ಕೋಟ ಬ್ರಾಹ್ಮಣರು, ಲೀಲಾ ಬಂಟರು. ಇವತ್ತು ಓದುವವರಿಗೆ ಇದು ಒಂದು ಸಾಲಿನ ಮಾತು. ಅಂದಿನ ದಕ್ಷಿಣ ಕನ್ನಡದಲ್ಲಿ ಇದು ಎರಡು ಊಟದ ಪದ್ಧತಿ, ಎರಡು ಮನೆಮಾತು, ಎರಡು ಕುಲದ ಲೆಕ್ಕ.

ಬಂಟರದು ಅಳಿಯಸಂತಾನ. ಕುಟುಂಬದ ಆಸ್ತಿ, ಬಳಿ ಎಂಬ ಕುಲದ ಗುರುತು ಎರಡೂ ತಾಯಿಯ ಕಡೆಯಿಂದ ಇಳಿದು ಬರುತ್ತವೆ. ಮಕ್ಕಳು ತಾಯಿಯ ಕುಟುಂಬದವರು. ಬ್ರಾಹ್ಮಣರದು ಮಕ್ಕಳಸಂತಾನ. ಅಲ್ಲಿ ಎಲ್ಲವೂ ತಂದೆಯಿಂದ ಮಗನಿಗೆ. ಅಳಿಯಸಂತಾನದ ಹೆಣ್ಣುಮಗಳಿಗೆ ತವರಿನಲ್ಲಿ ಸಿಗುವ ಜಾಗ ಸಣ್ಣದಲ್ಲ. ಲೀಲಾ ಅಂಥ ಲೋಕದಿಂದ ಎದ್ದು ಬಂದದ್ದು ಸ್ವಂತ ಜಾತಿಯ ಕಟ್ಟುಪಾಡುಗಳನ್ನೇ ಕಳಚಿಟ್ಟಿದ್ದ ಒಬ್ಬ ಮನುಷ್ಯನ ಮನೆಗೆ. ಹಾಗಾಗಿ ಆಕೆ ಹೊಕ್ಕದ್ದು ಬ್ರಾಹ್ಮಣರ ಮನೆಯೂ ಅಲ್ಲ, ಬಂಟರ ಮನೆಯೂ ಅಲ್ಲ. ಇಬ್ಬರೂ ಕೂಡಿ ಹೊಸದಾಗಿ ಕಟ್ಟಿಕೊಳ್ಳಬೇಕಾದ ಮನೆ.

ಊರು ಆಡಿಕೊಂಡಿತು. ಸಣ್ಣ ಊರಿನ ಗೇಲಿಯಿಂದ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಆಗಿದ್ದರೆ ಮರುದಿನ ಮರೆಯುತ್ತಿದ್ದರು. ಪುತ್ತೂರಿನಲ್ಲಿ ಅಂಗಡಿಗೆ ಹೋದರೂ, ದೇವಸ್ಥಾನದ ಗದ್ದೆಯ ಜಾತ್ರೆಗೆ ಹೋದರೂ ಅದೇ ಮುಖಗಳು. ಗಂಡಸಿಗೆ ಭಾಷಣವಿದೆ, ಪ್ರವಾಸವಿದೆ, ಬರವಣಿಗೆಯಿದೆ. ಊರಿನ ನಡುವೆ ದಿನವೂ ಬದುಕಬೇಕಾದವಳು ಹೆಂಗಸು. ಆ ಗೇಲಿಯ ದೊಡ್ಡ ಪಾಲು ಲೀಲಾ ಅವರ ಪಾಲಿಗೆ ಬಂದಿರಬೇಕೆಂದೇ ನನಗನ್ನಿಸುತ್ತದೆ.

ಆದರೂ ಇಬ್ಬರೂ ಊರು ಬಿಟ್ಟು ಓಡಲಿಲ್ಲ. ಸುಮಾರು ನಾಲ್ಕು ದಶಕ ಅಲ್ಲೇ ಬದುಕಿದರು.

> ಕಾನೂನು ಬಂದದ್ದು ಆಮೇಲೆ
> ಬೇರೆ ಬೇರೆ ಜಾತಿಯ ಹಿಂದೂಗಳ ಮದುವೆಗೆ ಜಾತಿಯ ಕಾರಣದಿಂದ ಅಡ್ಡಿಯಿಲ್ಲ ಎಂದು ದೇಶದ ಕಾನೂನು ಸ್ಪಷ್ಟವಾಗಿ ಹೇಳಿದ್ದು 1949ರ ಹಿಂದೂ ವಿವಾಹಗಳ ಸಿಂಧುತ್ವ ಕಾಯ್ದೆಯಲ್ಲಿ. ಕಾರಂತ–ಲೀಲಾ ಮದುವೆಯಾಗಿ ಆಗ 13 ವರ್ಷ. ಅದಕ್ಕೂ ಮೊದಲು, 1872ರ ವಿಶೇಷ ವಿವಾಹ ಕಾಯ್ದೆಗೆ 1923ರಲ್ಲಿ ಆದ ತಿದ್ದುಪಡಿ ಇಂಥ ಜೋಡಿಗಳಿಗೆ ಒಂದು ದಾರಿ ತೆರೆದಿತ್ತು. ಅಳಿಯಸಂತಾನಕ್ಕೆ ಮದರಾಸು ಸರಕಾರ ಪ್ರತ್ಯೇಕ ಕಾಯ್ದೆ ಮಾಡಿದ್ದೂ 1949ರಲ್ಲೇ.

ಮನೆಯ ಹೆಸರಲ್ಲ, ಮಗನ ಹೆಸರು

ಮದುವೆಯಾದ ವರ್ಷವೇ ‘ಬಾಲಪ್ರಪಂಚ’ ಹೊರಬಂತು. ಕನ್ನಡದ ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶ. ಒಂದು ಸಂಸ್ಥೆ ಮಾಡಬೇಕಾದ ಕೆಲಸವನ್ನು ಕಾರಂತರೊಬ್ಬರೇ ತಲೆಯ ಮೇಲೆ ಹೊತ್ತಿದ್ದರು. ಮರುವರ್ಷ ‘ಸರಸಮ್ಮನ ಸಮಾಧಿ’. ಮದುವೆಯೊಳಗೆ ಬೇಯುವ ಹೆಂಗಸರ ಕಥೆ ಅದು. ಹೊಸ ಗಂಡ ಬರೆದ ಕಾದಂಬರಿ ಇದು ಎಂದು ನೆನಪಿಟ್ಟು ಓದಿದರೆ ಬೇರೆಯೇ ಕಾಣುತ್ತದೆ. ಸುಖವಾಗಿ ಮದುವೆಯಾದವರು ಸುಖವಿಲ್ಲದ ಮದುವೆಗಳ ಕಡೆ ಕಣ್ಣು ಮುಚ್ಚಿಕೊಳ್ಳುವುದೇ ಹೆಚ್ಚು. ಕಾರಂತರು ಹಾಗೆ ಮಾಡಲಿಲ್ಲ.

ಆಮೇಲೆ ಒಂದರ ಹಿಂದೆ ಒಂದು. ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ಯಕ್ಷಗಾನದ ಸಂಶೋಧನೆ, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, ಪ್ರವಾಸ ಕಥನಗಳು. 40ಕ್ಕೂ ಹೆಚ್ಚು ಕಾದಂಬರಿಗಳು. ಬರೆದದ್ದನ್ನು ಅಚ್ಚು ಮಾಡಲು ಸ್ವಂತ ಮುದ್ರಣಾಲಯ, ಮಾರಲು ಸ್ವಂತ ಪ್ರಕಟಣಾಲಯ. ಇದಕ್ಕೆಲ್ಲ ದುಡ್ಡು ಎಲ್ಲಿಂದ? ಕೈಸಾಲವಿಲ್ಲದೆ ಇಂಥ ಸಾಹಸ ನಡೆಯುವುದಿಲ್ಲ. ಸಾಲ ತಂದ ಗಂಡ ಪುಸ್ತಕ ಹೊತ್ತು ಊರೂರು ತಿರುಗುವಾಗ, ಅಕ್ಕಿಯ ಡಬ್ಬಿ ಮುಚ್ಚಳ ತೆಗೆದು ನೋಡುವವರು ಮನೆಯಲ್ಲಿ ಇರಬೇಕಾಗುತ್ತದೆ.

ನನ್ನ ಅಜ್ಜನ ಪೆಟ್ಟಿಗೆಯಿಂದ ಬಂದ ಕಾರಂತರ ಪುಸ್ತಕವೊಂದು ನನ್ನ ಬಳಿ ಇದೆ. ರಟ್ಟು ಸಡಿಲಾಗಿದೆ, ಹಾಳೆ ಕಾಫಿ ಬಣ್ಣಕ್ಕೆ ತಿರುಗಿದೆ, ಅಂಚು ಮುಟ್ಟಿದರೆ ಪುಡಿ ಉದುರುತ್ತದೆ. ಶೀರ್ಷಿಕೆ ಪುಟದ ಕೆಳಗೆ ಪ್ರಕಾಶಕರ ಹೆಸರು: ಹರ್ಷ ಪ್ರಕಟಣಾಲಯ, ಪುತ್ತೂರು. ಹುಡುಗನಾಗಿದ್ದಾಗ ಇದು ಸಂತೋಷ ಎಂಬ ಅರ್ಥದಲ್ಲಿ ಇಟ್ಟ ಹೆಸರೆಂದು ತಿಳಿದಿದ್ದೆ. ಹರ್ಷ ಎಂದರೆ ಆ ದಂಪತಿಯ ಹಿರಿಯ ಮಗ. ಮುದ್ರಣಾಲಯಕ್ಕೂ ಅವನದೇ ಹೆಸರು. ಆ ಮನೆಯಲ್ಲಿ ಮಗು ಬೇರೆ, ಪುಸ್ತಕ ಬೇರೆ ಆಗಿರಲಿಲ್ಲ.

ಹರ್ಷನ ಜೊತೆಗೆ ಮಾಳವಿಕಾ, ಕ್ಷಮಾ, ಉಲ್ಲಾಸ. ಮಕ್ಕಳು ಪಾಠದ ಹೊರೆಯಿಲ್ಲದೆ ಆಡುತ್ತ, ಹಾಡುತ್ತ, ಗಿಡಮರ ನೋಡುತ್ತ ಕಲಿಯಬೇಕೆಂದು ಕಾರಂತರು ಕಟ್ಟಿದ್ದು ಬಾಲವನ. ಅದು ಊರ ಮಕ್ಕಳಿಗೆ ಪ್ರಯೋಗಶಾಲೆ, ಈ ನಾಲ್ವರಿಗೆ ಮನೆ.

ಪ್ರಯೋಗ ಮಾಡುವವರ ಹೆಸರು ಉಳಿಯುತ್ತದೆ. ಪ್ರಯೋಗ ನಡೆಯುವ ಮನೆಯಲ್ಲಿ ಹೊತ್ತುಹೊತ್ತಿಗೆ ಗಂಜಿ ಬೇಯಿಸಿದವರದು ಉಳಿಯುವುದಿಲ್ಲ. ಲೀಲಾ ಅವರ ಪಾಲನ್ನು ಗಟ್ಟಿಯಾಗಿ ಹೇಳಿದ್ದು ಹೊರಗಿನ ವಿಮರ್ಶಕರಲ್ಲ, ಮಗ ಉಲ್ಲಾಸ ಕಾರಂತರೇ. ತಂದೆಯ ಬದುಕಿಗೆ ರೂಪ ಕೊಟ್ಟದ್ದು ತಾಯಿ, ಅವರ ಸಾಹಸಗಳಿಗೆಲ್ಲ ಬೆನ್ನೆಲುಬು ಆಕೆಯೇ, ಚೆನ್ನಾಗಿ ಓದಿಕೊಂಡಿದ್ದ ಆಕೆ ತನ್ನ ಪ್ರತಿಭೆಯನ್ನೆಲ್ಲ ಗಂಡನಿಗಾಗಿ ಮುಡಿಪಿಟ್ಟರು ಎಂದು ಅವರು ಹೇಳಿದ್ದಾರೆ. ಮಗನ ಬಾಯಲ್ಲಿ ಬಂದ ಈ ಮಾತಿನಲ್ಲಿ ಹೆಮ್ಮೆಯಿದೆ. ಅದರ ಅಡಿಯಲ್ಲಿ ಒಂದು ನೋವೂ ನನಗೆ ಕೇಳಿಸುತ್ತದೆ.

ಯಮುನಾ ಕನ್ನಡ ಕಲಿತ ಕಥೆ

ಲೀಲಾ ಅವರ ಮೊದಲ ವಿದ್ಯಾಭ್ಯಾಸ ಮರಾಠಿಯಲ್ಲಿ. ಮದುವೆಯಾದ ಮೇಲೆ ಕನ್ನಡವನ್ನು ಹೊಸದಾಗಿ ಕಲಿತರು.

ಕನ್ನಡದ ಬಹುದೊಡ್ಡ ಗದ್ಯಕಾರರೊಬ್ಬರ ಹೆಂಡತಿ, ಮನೆಗೆಲಸದ ನಡುವೆ, ಕನ್ನಡವನ್ನು ತಿದ್ದಿ ತಿದ್ದಿ ಕಲಿಯುತ್ತಿದ್ದರು ಎಂಬುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಲಿತು ಸುಮ್ಮನಾಗಲಿಲ್ಲ. ಹರಿ ನಾರಾಯಣ ಆಪಟೆಯವರ ‘ಪಣ್ ಲಕ್ಷಾತ್ ಕೋಣ್ ಘೇತೋ’ ಕಾದಂಬರಿಯನ್ನು ಕನ್ನಡಕ್ಕೆ ತಂದರು.

ಮರಾಠಿ ಕಾದಂಬರಿಯ ಇತಿಹಾಸದಲ್ಲಿ ಇದು ಮೈಲಿಗಲ್ಲು. 1890ರ ದಶಕದ ಆರಂಭದಲ್ಲಿ ಆಪಟೆಯವರ ‘ಕರಮಣೂಕ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಯಮುನಾ ಎಂಬ ಹುಡುಗಿ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾಳೆ. ಬಾಲ್ಯದ ಆಟ, ಎಳೆಯ ವಯಸ್ಸಿನ ಮದುವೆ, ಓದು ಬರಹದ ಆಸೆ, ಕೂಡುಕುಟುಂಬದ ಕಿರುಕುಳ, ಪ್ರೀತಿಸುವ ಗಂಡ, ಅವನ ಸಾವು, ವಿಧವೆಯ ಮೇಲೆ ನಡೆಯುವ ಕ್ರೌರ್ಯ. ಗಂಡಸು ಬರೆದ ಪುಸ್ತಕವಾದರೂ ಮಾತೆಲ್ಲ ಹೆಂಗಸಿನದು, ಪಡಸಾಲೆಯ ಹಿಂದಿನ ಕೋಣೆಗಳದು.

ಆ ಮರಾಠಿ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ, ‘ಆದರೆ ಯಾರು ಗಮನಿಸುತ್ತಾರೆ?’

ಮರಾಠಿಯಲ್ಲಿ ನೂರಾರು ಪುಸ್ತಕಗಳಿದ್ದವು. ಈ ಪುಸ್ತಕವನ್ನೇ ಆಕೆ ಕೈಗೆತ್ತಿಕೊಂಡರು ಎಂಬುದು ನನ್ನನ್ನು ತುಂಬಾ ದಿನ ಕಾಡಿದೆ. ಲೀಲಾ ಅವರ ಗಂಡ ಯಮುನಾಳ ಅತ್ತೆಮನೆಯವರಂಥವರಲ್ಲ. ಕ್ರೌರ್ಯದ ಕಥೆಯೇ ಅಲ್ಲ ಇದು. ಆದರೂ ಹಿಂದಿನ ಕೋಣೆಯಲ್ಲಿ ಕೂತು ಹೊರಗಿನ ಸದ್ದು ಕೇಳುವ ಹೆಂಗಸಿನ ಪಾಡು ಆಕೆಗೆ ಚೆನ್ನಾಗಿ ಗೊತ್ತಿದ್ದಿರಬೇಕು. ಅನುವಾದವೆಂದರೆ ಬೇರೆಯವರ ಬಾಯಲ್ಲಿ ತನ್ನ ಮಾತು ಆಡುವುದಕ್ಕೂ ಒಂದು ದಾರಿ.

ಇನ್ನೊಂದು ವಿಷಯ. 1968ರ ‘ಮೂಕಜ್ಜಿಯ ಕನಸುಗಳು’ ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟಿತು. ಅದರ ಮೂಕಜ್ಜಿಯೂ ಬಾಲವಿಧವೆ. ಯಮುನಾ ಕನ್ನಡ ಕಲಿತದ್ದು, ಮೂಕಜ್ಜಿ ಮಾತು ಕಲಿತದ್ದು ಒಂದೇ ಸಂಸಾರದಲ್ಲಿ. ಯಾರಿಂದ ಯಾರಿಗೆ ಏನು ಬಂತು ಎಂದು ಗೆರೆ ಎಳೆದು ತೋರಿಸಲು ನಾನು ಹೋಗುವುದಿಲ್ಲ. ಗಂಡ–ಹೆಂಡತಿ ಒಂದೇ ಒಲೆಯ ಮುಂದೆ ಕೂತು ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಆದರೆ ಕಾರಂತರ ಕಾದಂಬರಿಗಳ ಹೆಂಗಸರನ್ನು ನೋಡಿ. ‘ಮರಳಿ ಮಣ್ಣಿಗೆ’ಯ ಪಾರೋತಿ, ಸರಸೋತಿ, ನಾಗವೇಣಿ. ಗಂಡಸರು ಎದ್ದು ಹೋದ ಮನೆಗಳನ್ನು ಮೌನವಾಗಿ ಹೊತ್ತು ನಿಂತವರು. ಅವರನ್ನು ಬರೆದ ಕೈಗೆ ಅಂಥವರೊಬ್ಬರ ಹತ್ತಿರದ ಪರಿಚಯ ಇಲ್ಲದೆ ಹೋಗಿದ್ದರೆ ಆ ಪುಟಗಳಿಗೆ ಅಷ್ಟು ಜೀವ ಬರುತ್ತಿರಲಿಲ್ಲ.

> ಕೆಳಬೈಲಿನ ಮುದುಕ ಮುದುಕಿ
> ಕಾರಂತರು ಒಂದು ದಾಂಪತ್ಯವನ್ನು ನಡುವಿಗಿಟ್ಟು ಬರೆದ ಕಾದಂಬರಿ 1943ರ ‘ಬೆಟ್ಟದ ಜೀವ’. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಶಿವರಾಮಯ್ಯ, ಹಳ್ಳಿಯವರಿಬ್ಬರ ನೆರವಿನಿಂದ ಕೆಳಬೈಲಿನ ಗೋಪಾಲಯ್ಯನ ಮನೆ ಸೇರುತ್ತಾನೆ. ಬಿಸಿನೀರಿನ ಅಭ್ಯಂಜನ, ಭರ್ಜರಿ ಊಟ, ಗೋಪಾಲಯ್ಯ–ಶಂಕರಿಯ ಉಪಚಾರ. ಬೆಟ್ಟ ಕಡಿದು ತೋಟ ಮಾಡಿದ ಈ ದಂಪತಿಗೆ ಇರುವುದು ಒಂದೇ ಕೊರಗು, ಮನೆ ಬಿಟ್ಟು ಹೋದ ಮಗ ಶಂಭು. ಕಾದಂಬರಿಯನ್ನು ಪಿ. ಶೇಷಾದ್ರಿ ಸಿನಿಮಾ ಮಾಡಿದ್ದಾರೆ.

ಮಾತು ಇಂಗಿದ ಮನೆ

‘ಬೆಟ್ಟದ ಜೀವ’ದಲ್ಲಿ ಒಂದು ಸಂಗತಿ ಓದುಗರನ್ನು ಹಿಡಿದು ನಿಲ್ಲಿಸುತ್ತದೆ. ಗೋಪಾಲಯ್ಯ ನಗುತ್ತ, ಹರಟುತ್ತ, ಕೆಲಸ ಮಾಡುತ್ತ ದುಃಖವನ್ನು ಮುಚ್ಚಿಕೊಳ್ಳಬಲ್ಲ. ಶಂಕರಿಗೆ ಅದು ಆಗುವುದಿಲ್ಲ. ಮಗನ ನೆನಪು ಆಕೆಯನ್ನು ಒಳಗಿಂದೊಳಗೆ ತಿನ್ನುತ್ತದೆ.

ಅದನ್ನು ಬರೆಯುವಾಗ ಕಾರಂತರಿಗೆ 40ರ ಆಸುಪಾಸು, ಮಕ್ಕಳು ಚಿಕ್ಕವರು. ಮುಂದೊಂದು ದಿನ ಅದೇ ಸಂಕಟ ಇನ್ನೂ ಕ್ರೂರವಾಗಿ ತಮ್ಮ ಮನೆಗೇ ಬಂದೀತೆಂದು ಯಾರು ತಾನೇ ಎಣಿಸಿಯಾರು.

ಹರ್ಷ ತೀರಿಕೊಂಡ. ಶಂಭುವಾದರೂ ಎಲ್ಲೋ ಬದುಕಿದ್ದ, ಕಾಯುವುದಕ್ಕೆ ಒಂದು ಅರ್ಥವಿತ್ತು. ಇಲ್ಲಿ ಅದೂ ಇಲ್ಲ. ಯಾರ ಹೆಸರನ್ನು ಪುಸ್ತಕದ ಮೇಲೆ ಅಚ್ಚು ಹಾಕಿಸಿದ್ದರೋ ಆ ಮಗನೇ ಇಲ್ಲ.

ಕಾರಂತರು ಕೆಲಸಕ್ಕೆ ಮರಳಿದರು. ಕೆಲಸವೇ ಅವರ ಔಷಧಿ. ಲೀಲಾ ಅವರಿಗೆ ಆ ಔಷಧಿ ಹತ್ತಲಿಲ್ಲ. ಖಿನ್ನತೆ ಕವಿಯಿತು. ಇಲ್ಲದ್ದು ಕಂಡಂತೆ, ಕೇಳಿದಂತೆ ಆಗುವ ಸ್ಥಿತಿಗೂ ಹೋಯಿತು. ಆ ದಿನಗಳಲ್ಲಿ ಮನಸ್ಸಿನ ಕಾಯಿಲೆ ಎಂದರೆ ಊರು ದನಿ ತಗ್ಗಿಸಿ ಮಾತಾಡುತ್ತಿತ್ತು, ಈಗಲೂ ತಗ್ಗಿಸುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಳಕೋಣೆಯ ಬಾಗಿಲು ಹಾಕಿಯೇ ಇರುತ್ತಿದ್ದುದನ್ನು ನಾನು ಕಂಡಿದ್ದೇನೆ. ಲೀಲಾ ಅವರ ಸಂಕಟವನ್ನು ಮುಚ್ಚಿಡಬೇಕಾದ ವಿಷಯವೆಂದು ನಾನು ತಿಳಿಯುವುದಿಲ್ಲ. ಮಗ ಸತ್ತಾಗ ತಾಯಿಯ ಮನಸ್ಸು ಮುರಿಯಿತು. ಇದನ್ನು ಪಿಸುಗುಟ್ಟಿ ಹೇಳುವ ಅಗತ್ಯವಿಲ್ಲ.

ಉಳಿದ ಮೂವರು ಮಕ್ಕಳೂ 2021ರಲ್ಲಿ ಸೇರಿ ಬರೆದ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಇಂಗ್ಲಿಷ್ ಪುಸ್ತಕ ಆ ಮನೆಯ ನೆನಪುಗಳನ್ನು ತೆರೆದಿಟ್ಟಿತು. ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕಿಯಾಗಿ ಮಕ್ಕಳ ಮನಸ್ಸಿನ ಬಗ್ಗೆ ಕೆಲಸ ಮಾಡಿದವರು. ಉಲ್ಲಾಸ ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು, ನಾಗರಹೊಳೆಯ ಹುಲಿಗಳ ಹಿಂದೆ ಹೋದರು. ಸರದಿಯಲ್ಲಿ ನಿಂತು ಬದುಕುವುದನ್ನು ಆ ಮನೆ ಯಾರಿಗೂ ಕಲಿಸಿರಲಿಲ್ಲ. ಕ್ಷಮಾ ರಾವ್ ಅವರದೂ ಆ ಪುಸ್ತಕದಲ್ಲಿ ಸಮಪಾಲು.

ಒಬ್ಬ ಅಪ್ಪನ ಬಗ್ಗೆ ಮೂವರು ಮಕ್ಕಳು ಮೂರು ಬಗೆಯಲ್ಲಿ ಬರೆಯಬಹುದಾದರೆ ಆ ಮನೆಯಲ್ಲಿ ಮಾತಿಗೆ ಸ್ವಾತಂತ್ರ್ಯ ಇತ್ತೆಂದೇ ಅರ್ಥ. ಅದನ್ನು ಕಾರಂತರೊಬ್ಬರೇ ಕೊಟ್ಟಿದ್ದರೆಂದು ನನಗನ್ನಿಸುವುದಿಲ್ಲ.

ಸಾಲಿಗ್ರಾಮದ ದಿನಗಳು

1974ರಲ್ಲಿ ಗಂಡ ಹೆಂಡತಿ ಪುತ್ತೂರು ಬಿಟ್ಟು, ಕಾರಂತರು ಹುಟ್ಟಿದ ಕೋಟಕ್ಕೆ ಅಂಟಿಕೊಂಡಿರುವ ಸಾಲಿಗ್ರಾಮಕ್ಕೆ ಬಂದರು. ಹೊರಗೆ ಗದ್ದಲದ ವರ್ಷಗಳು. 1975ರ ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಎರಡು ವರ್ಷದಲ್ಲಿ ಜ್ಞಾನಪೀಠ ಬಂತು. ಹಾರ, ಶಾಲು, ಸನ್ಮಾನ, ಫೋಟೊ. ಮನೆಯೊಳಗೆ ಲೀಲಾ ತಮ್ಮದೇ ಕತ್ತಲೆಯೊಂದಿಗೆ ಇದ್ದರು. ಜ್ಞಾನಪೀಠದ ಸಂಭ್ರಮದ ಸುದ್ದಿಗಳನ್ನು ಓದುವಾಗಲೆಲ್ಲ ನನಗೆ ಈ ಒಳಕೋಣೆ ನೆನಪಾಗುತ್ತದೆ.

1986ರ ಸೆಪ್ಟೆಂಬರಿನಲ್ಲಿ ಲೀಲಾ ತೀರಿಕೊಂಡರು. ಕಾರಂತರ ‘ಅಂಟಿದ ಅಪರಂಜಿ’ ಕಾದಂಬರಿ ಬಿಡುಗಡೆಯಾದದ್ದೂ ಅದೇ ದಿನ. ಅದೇ ಅವರ ಕೊನೆಯ ಕಾದಂಬರಿಯಾಯಿತು. 1936ರಿಂದ 1986, ಐವತ್ತು ವರ್ಷ, ಮೇಲೆ ನಾಲ್ಕು ತಿಂಗಳು.

ಆಮೇಲೂ ಕಾರಂತರು ಹನ್ನೊಂದು ವರ್ಷ ಬದುಕಿದರು. ಕೈಗಾ ಅಣುಸ್ಥಾವರದ ವಿರುದ್ಧ ನಿಂತರು, 1989ರಲ್ಲಿ ಪರಿಸರದ ದನಿಯಾಗಿ ಲೋಕಸಭಾ ಚುನಾವಣೆಗೆ ಸ್ಪರ್ಧಿಸಿ ಸೋತರು, 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಣ್ಣು ಮುಚ್ಚಿದರು. ಕೊನೆಯವರೆಗೂ ಸುಮ್ಮನೆ ಕೂತವರಲ್ಲ. ಆದರೆ ಲೀಲಾ ಹೋದ ಮೇಲೆ ಕಾದಂಬರಿ ಬರೆಯಲಿಲ್ಲ. ವಯಸ್ಸು 84ರ ಹತ್ತಿರ ಬಂದಿತ್ತು, ಕಾರಣ ಅಷ್ಟೇ ಇರಬಹುದು. ನನಗಂತೂ ಅಷ್ಟೇ ಎನ್ನಿಸುವುದಿಲ್ಲ.

ಇಷ್ಟನ್ನು ನಾನು ಬಾಲವನದ ಮೆಟ್ಟಿಲ ಮೇಲೆ ಹಿಂದುಮುಂದಾಗಿ ಹೇಳುತ್ತಿದ್ದೆ. ಆ ತಾಯಿ ನಡುವೆ ಬಾಯಿ ಹಾಕದೆ ಕೇಳಿದರು. ಹರ್ಷನ ವಿಷಯ ಬಂದಾಗ ಮಾತ್ರ ಆಡುತ್ತಿದ್ದ ಚಿಕ್ಕವನನ್ನು ಹತ್ತಿರ ಕರೆದು, ಯಾಕೆಂದು ಹೇಳದೆ, ತಲೆಯ ಬೆವರು ಒರೆಸಿ ಕಳಿಸಿದರು.

"ಆ ಮರಾಠಿ ಪುಸ್ತಕ ಇವರು ಕನ್ನಡದಲ್ಲಿ ಬರೆದರಲ್ಲ, ಈಗ ಸಿಗ್ತದಾ?" ಎಂದು ಕೇಳಿದರು. ಲೈಬ್ರರಿಯಲ್ಲಿ ಹುಡುಕಬೇಕು ಎಂದೆ. ಮೂಲದ ಹೆಸರನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿಸಿಕೊಂಡು ಫೋನಿನಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಂಡರು.

ಹಂಚಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ವರ್ಷದ ಮೊದಲ ಮಳೆಯ ವಾಸನೆ ಅಂಗಳದಿಂದ ಎದ್ದಿತು. ಆಕೆ ದಡಕ್ಕನೆ ನಿಂತರು. "ಅಯ್ಯೋ ದೇವರೇ, ಅಂಗಳದಲ್ಲಿ ಹಲಸಿನ ಹಪ್ಪಳ ಹಾಕಿ ಬಂದಿದ್ದೇನೆ. ಮನೆಯಲ್ಲಿ ತೆಗೆಯುವವರು ಯಾರೂ ಇಲ್ಲ!" ಮಕ್ಕಳಿಬ್ಬರ ಕೈಯನ್ನು ಎರಡೂ ಕಡೆ ಹಿಡಿದು, ಮರಗಳ ಕೆಳಗಿನ ದಾರಿಯಲ್ಲಿ ಗೇಟಿನ ಕಡೆಗೆ ಓಡಿದರು.